ಗಾತ್ರಕ್ಕೆ ತಕ್ಕ ವೇಗ

ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಯತಿರಾಜ್ ಕಂಪ್ಯೂಟರಿನ ದಾಖಲೆಯನ್ನು ಮೂರನೆಯ ಸಲ ನೋಡಿದ. ಅಷ್ಟೇ ಇತ್ತು.

ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಕಾರ್ಖಾನೆಯ ಕ್ಲಿನಿಕ್ಕಿನಲ್ಲಿ ನರ್ಸ್ ಶ್ಯಾಮಲಾ, ಮುನಿರಾಜ್ ಎಂಬ ಕಾರ್ಮಿಕನ ಆರೋಗ್ಯದ ಪುಟ ತೆರೆಯಲು ಗುಂಡಿ ಒತ್ತಿದ್ದಳು. ಅವನ ಎರಡು ಬೆರಳು ಪ್ರೆಸ್ ಯಂತ್ರಕ್ಕೆ ಸಿಕ್ಕಿ ಜಜ್ಜಿಹೋಗಿದ್ದವು. ನಾಲ್ಕು ನಿಮಿಷ ಕಳೆದು ಪುಟ ತೆರೆಯುವ ಹೊತ್ತಿಗೆ ಅವಳು ನೋವಿನ ಇಂಜೆಕ್ಷನ್ ಕೊಟ್ಟಾಗಿತ್ತು. ಪುಟದಲ್ಲಿ ಕೆಂಪಕ್ಷರದಲ್ಲಿ ಇದ್ದದ್ದು: ಈ ಔಷಧ ಈತನಿಗೆ ಆಗದು.

ಮುನಿರಾಜ್ ಈಗ ಹೊಸೂರಿನ ಆಸ್ಪತ್ರೆಯೊಂದರಲ್ಲಿ ವೆಂಟಿಲೇಟರ್ ಮೇಲಿದ್ದ.

ಕಾರ್ಖಾನೆಯ ಡೇಟಾವೆಲ್ಲ ಯತಿರಾಜನ ಕೈಯಲ್ಲಿತ್ತು. ಮೂರು ವಾರದ ಹಿಂದೆ ಅವನೇ ಹೊಸ ನಿಯಮ ತಂದಿದ್ದ. ಯಾವ ವಿಭಾಗಕ್ಕೆ ಸರ್ವರಿನಲ್ಲಿ ಎಷ್ಟು ಜಾಗ ಕೊಟ್ಟಿದೆಯೋ, ಅದರ ಪುಟಗಳು ತೆರೆಯಲು ಅದಕ್ಕೆ ತಕ್ಕ ವೇಗ. ಜಾಗ ಬೆಳೆದರೆ ವೇಗದ ಮಿತಿ ತಾನೇ ಏರುತ್ತದೆ, ಕುಗ್ಗಿದರೆ ಇಳಿಯುತ್ತದೆ. ಇದು ನ್ಯಾಯ ಎಂದು ಸಭೆಯಲ್ಲಿ ಹೇಳಿದ್ದ. ಚಪ್ಪಾಳೆ ಬಿದ್ದಿತ್ತು. ಡಿಸೈನ್ ವಿಭಾಗಕ್ಕೆ ನಲವತ್ತು ಸಾವಿರ ಜಿಬಿ, ಕ್ಲಿನಿಕ್ಕಿಗೆ ಬರೀ ಎಂಟು ಜಿಬಿ. ವಿಭಾಗ ಎಷ್ಟೇ ಚಿಕ್ಕದಾದರೂ ವೇಗ ಇದಕ್ಕಿಂತ ಕೆಳಗೆ ಇಳಿಯಬಾರದು ಎಂದು ಬರೆಯಲು ಒಂದು ಖಾನೆಯೂ ಇತ್ತು. ಅದನ್ನು ಖಾಲಿ ಬಿಟ್ಟಿದ್ದ. ಹಾಗೆ ಬಿಟ್ಟರೆ ಗ್ರಾಫಿನ ಗೆರೆ ನೇರವಾಗಿ ಬರುತ್ತಿತ್ತು.

ಪುಟ ತೆರೆಯುತ್ತಿಲ್ಲವೆಂದು ಶ್ಯಾಮಲಾ ಎರಡು ಸಲ ದೂರು ಕೊಟ್ಟಿದ್ದಳು. ‘ಮಿತಿಯೊಳಗೇ ಇದೆ’ ಎಂದು ಬರೆದು ಅವನು ಎರಡನ್ನೂ ಮುಚ್ಚಿದ್ದ.

ಹನ್ನೊಂದಕ್ಕೆ ಮ್ಯಾನೇಜರ್ ಪ್ರಮೋದ್ ಕರೆಸಿದ.

“ಸಿಸ್ಟಮ್ ಕೆಟ್ಟಿತ್ತಾ?”

“ಇಲ್ಲ ಸಾರ್.”

“ಮತ್ತೆ?”

“ನಿಯಮದ ಪ್ರಕಾರಾನೇ ನಡೀತು.”

“ಹಾಗೇ ಬರೀರಿ. ಒಂದು ಸಾಲು ಸಾಕು.”

“ನರ್ಸ್‌ಗೆ ತೊಂದರೆ ಆಗುತ್ತೆ.”

ಪ್ರಮೋದ್ ಕಿಟಕಿಯ ಕಡೆ ನೋಡಿದ. “ಅದು ಎಚ್.ಆರ್.ನೋರ ವಿಷಯ, ಯತಿರಾಜ್.”

ಬರೆದ. ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಆಮೇಲೆ ತನ್ನ ಜಾಗಕ್ಕೆ ಬಂದು ಕ್ಲಿನಿಕ್ಕಿನ ಎಂಟು ಜಿಬಿಯನ್ನು ಐನೂರು ಮಾಡಿದ. ಹೊಸದಾಗಿ ಸೇರಿದ್ದು ಬರೀ ಖಾಲಿ ಜಾಗ. ವೇಗ ತಾನೇ ಏರಿತು. ಇಷ್ಟಕ್ಕೂ ಒಂದು ನಿಮಿಷ ಹಿಡಿಯಲಿಲ್ಲ.

ಕ್ಲಿನಿಕ್ಕಿನಲ್ಲಿ ಶ್ಯಾಮಲಾ ತನ್ನ ಬ್ಯಾಗಿಗೆ ಸಾಮಾನು ತುಂಬುತ್ತಿದ್ದಳು. ಬೇರಿಕೆ ಎಂಬ ಊರಿನಿಂದ ದಿನಾ ಬಸ್ಸಿನಲ್ಲಿ ಬರುವವಳು.

“ಈಗ ಸರಿಹೋಯ್ತು. ಒಂದ್ಸಲ ನೋಡಿ.”

ಅವಳು ಕಂಪ್ಯೂಟರ್ ಮುಟ್ಟಲಿಲ್ಲ. “ಎರಡು ಸಲ ಹೇಳಿದ್ನಲ್ಲ ಸಾರ್.”

“ಹೇಳಿದ್ರಿ.”

“ಯಾವ್ದೋ ಸೂಜಿ ನಂಗೆ ಆಗಲ್ಲ, ಕಂಪ್ಯೂಟರ್ನಾಗೆ ಬರ್ಸಿದೀನಿ ಅಂತಾನೇ ಇದ್ದ ಮುನಿರಾಜ. ನೋವು ತಡೀದೆ ಒದ್ದಾಡ್ತಾ ಇದ್ದ. ಸೂಪರ್‌ವೈಸರ್ ಕೂಗಾಡ್ದ. ಎಷ್ಟೊತ್ತು ಕಾಯ್ಲಿ ನಾನು?”

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ.

“ಈಗೇನ್ ಮಾಡಿದ್ರಿ?”

“ಜಾಗ ಜಾಸ್ತಿ ಮಾಡ್ದೆ.”

“ಇದ್ದ ಜಾಗಾನೇ ಅರ್ಧ ತುಂಬಿರ್ಲಿಲ್ಲ. ಜಾಗ ಯಾರು ಕೇಳಿದ್ರು?” ಬ್ಯಾಗಿನ ಜಿಪ್ ಎಳೆದಳು. “ನಾಳೆಯಿಂದ ಬರ್ಬೇಡ ಅಂದವ್ರೆ.”

ಮಧ್ಯಾಹ್ನ ರಜೆ ಹಾಕಿ ಆಸ್ಪತ್ರೆಗೆ ಹೋದ. ಯಾಕೆ ಹೋಗುತ್ತಿದ್ದೇನೆಂದು ದಾರಿಯಲ್ಲಿ ಯೋಚಿಸಿದ. ಎಲ್ಲ ಹೇಳಿಬಿಡುವುದಕ್ಕೆ ಎಂದುಕೊಂಡ. ಹಾಗೆಂದುಕೊಂಡದ್ದರಿಂದಲೇ ಸ್ವಲ್ಪ ಹಗುರವೆನಿಸಿ, ಆ ಹಗುರಕ್ಕೆ ನಾಚಿದ.

ಐಸಿಯು ಬಾಗಿಲಲ್ಲಿ ಮುನಿರಾಜನ ಹೆಂಡತಿ ಆದಿಲಕ್ಷ್ಮಿ ಗಂಡನ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಅವನನ್ನು ಕಂಡು ಎದ್ದಳು.

“ಕಂಪ್ನಿಯೋರಾ ಸಾರ್?”

“ಹೌದು.”

“ಏನ್ ಕೆಲ್ಸ ನಿಮ್ದು?”

“ಕಂಪ್ಯೂಟರ್.”

“ಅಂಗಾದ್ರೆ ನಿಮ್ಗೆ ಗೊತ್ತಿರ್ತದೆ. ಈ ಸೂಜಿ ಆಗಲ್ಲ ಅಂತ ಅದ್ರಾಗೆ ಬರ್ಸಿದ್ರು ನಮ್ ಯಜಮಾನ್ರು. ಆ ನರ್ಸಮ್ಮ ನೋಡ್ಲೇ ಇಲ್ವಾ?”

ಅವನ ಬಾಯಿ ತೆರೆಯಿತು. ಒಳಗೆ ಯಾವುದೋ ಯಂತ್ರ ಒಂದೇ ಸಮನೆ ಸದ್ದು ಮಾಡುತ್ತಿತ್ತು.

“ನಂಗೊತ್ತಿಲ್ಲಮ್ಮ. ಅದು ಬೇರೆ ವಿಭಾಗ.”

ಅವಳು ತಲೆಯಾಡಿಸಿದಳು. “ನಿಮ್ಮುನ್ನ ಕೇಳಿ ಏನು. ಎಲ್ಲಾ ಆಯಮ್ಮಂದೇ ತಪ್ಪು. ನೀವಾದ್ರೂ ನೋಡಕ್ಕೆ ಬಂದ್ರಲ್ಲ, ದೊಡ್ಡ ಮನ್ಸು ನಿಮ್ದು.”

ಹೊರಗೆ ಬಂದು ಬೈಕ್ ಹತ್ತಿ ಸೂಳಗಿರಿ ಕಡೆಯ ರಸ್ತೆ ಹಿಡಿದ. ಕಾರ್ಖಾನೆಗಳ ತಿರುವಿನಲ್ಲಿ ಎಲ್ಲವೂ ನಿಂತಿತ್ತು. ಹೂವಿನ ಬುಟ್ಟಿ ತುಂಬಿದ ಆಟೋಗಳು, ಶಾಲೆಯ ವ್ಯಾನು, ಹೆಂಗಸರನ್ನು ಹೊತ್ತ ಟೆಂಪೋ. ಒಂದು ಉದ್ದನೆಯ ಟ್ರೈಲರ್ ತಿರುಗಿಕೊಳ್ಳುತ್ತಿತ್ತು. ಪೊಲೀಸಿನವನು ಎರಡೂ ಕೈ ಚಾಚಿ ಮಿಕ್ಕವರನ್ನೆಲ್ಲ ತಡೆದಿದ್ದ. ಒಬ್ಬೊಬ್ಬರೇ ಹಿಂದೆ ಸರಿದು ದಾರಿ ಬಿಟ್ಟರು.

ಯತಿರಾಜನೂ ಡಾಂಬರಿನಿಂದ ಇಳಿದು ಬೈಕನ್ನು ಚರಂಡಿಯ ಅಂಚಿಗೆ ತಳ್ಳಿ ನಿಂತ. ಟ್ರೈಲರಿನ ಮೇಲೆ ಏನೂ ಇರಲಿಲ್ಲ. ಬಿಚ್ಚಿದ ಸರಪಳಿಯೊಂದು ಬರಿಯ ಹಲಗೆಯ ಮೇಲೆ ಅತ್ತಿಂದಿತ್ತ ಬಡಿದುಕೊಳ್ಳುತ್ತಿತ್ತು. ಒಂದೊಂದೇ ಚಕ್ರ ಅವನ ಮುಂದೆ ಹಾದುಹೋಯಿತು. ಟ್ರೈಲರ್ ಇನ್ನೂ ಬರುತ್ತಲೇ ಇತ್ತು.