ಹಗ್ಗದ ಆಚೆ ತುದಿ

ಒಕ್ಕಣೆ ಮುಗಿಯುತ್ತ ಬಂದ ಕಾಲ, ಬೀಸುವ ಗಾಳಿಯಲ್ಲೆಲ್ಲ ಹೊಟ್ಟು. ಮಂಚದಕ್ಕ ಷೆಡ್ಡಿನಲ್ಲಿ ಚೌಕಟ್ಟಿಗೆ ಕಾಲು ಕೊಟ್ಟು ಹಗ್ಗ ಜಗ್ಗುತ್ತಿದ್ದಳು. ತೀರಿಹೋದ ಗಂಡನನ್ನು ಒಳಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಹಗ್ಗದ ಮಂಚ ಹೆಣೆದೇ ಮಂಚದಣ್ಣ ಎಂದು ಹೆಸರಾದವನು ಜೋತುಬಿದ್ದ ಮಂಚದ ಮೇಲೆ ಮಸಣಕ್ಕೆ ಹೋಗಕೂಡದು ಎಂಬುದು ಅವಳ ಹಟ.

"ಊರಿಗೆಲ್ಲ ಬಿಗಿ ಮಂಚ, ಸ್ವಂತಕ್ಕೆ ಮಾತ್ರ ತೊಟ್ಟಿಲು," ಎಂದು ಗೊಣಗಿದಳು.

ಹೊರಗೆ ಬೆಂಚಿನ ಮೇಲೆ ಹಿಟ್ಟಿನ ಗಿರಣಿಯವನ ಮಾತು ಸಾಗಿತ್ತು. "ಬಂಗಾರದಂಥ ಮನುಷ್ಯ. ಆದ್ರೆ ಷೆಡ್ಡಿನ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿದ್ರೆ ಜಗಳ ಅಂತ ಲೆಕ್ಕ, ಅಲ್ಲೇ ಮಲಗ್ತಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ, ಇವರದ್ದು ಮಲಗೋಕೆ ಹೋದ್ಮೇಲೇ ಶುರು!"

"ಮತ್ತೆ ಬೆಳಿಗ್ಗೆ ಅಕ್ಕ ನಗ್ತಾ ಟೀ ತಂದು ಕೊಡ್ತಿದ್ರಲ್ಲ?" ಎಂದಳು ದರ್ಜಿಯ ಹೆಂಡತಿ.

"ಗೆದ್ದೋರು ನಗದೆ ಅಳ್ತಾರಾ?"

ಮಂಚದಕ್ಕನಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಅಷ್ಟರಲ್ಲಿ ಗಂಡನ ತಂಗಿಯ ಮಗಳು ಒಳಗೆ ಬಂದಳು. ಮದುವೆ ಗೊತ್ತಾದ ಹುಡುಗಿ.

"ಆಚೆ ತುದಿ ಹಿಡ್ಕೊಳ್ಳೇ. ನಿನ್ನ ಹುಡುಗ ಹೊರಗೆ ನಿಂತೂ ನಿಂತೂ ಕಂಬ ಆಗಿದ್ದಾನೆ. ಯಾಕೆ ಮಾತಾಡಿಸ್ತಿಲ್ಲ?"

"ಮದುವೇನೇ ಬೇಡ ಅತ್ತೆ." ಹುಡುಗಿ ಗಂಟನ್ನೇ ನೋಡುತ್ತ ಹೇಳಿದಳು. "ನನಗೆ ಹರ್ಪಿಸ್ ಇದೆ. ಹಿಂದೆ ಒಬ್ಬನ ಜೊತೆ ಇದ್ದಾಗ ಬಂದದ್ದು. ಕೆಳಗೆ ಗುಳ್ಳೆ ಏಳುತ್ತೆ, ಮಾಯುತ್ತೆ, ಮತ್ತೆ ಏಳುತ್ತೆ. ಇವನಿಗೂ ಅಂಟಿಸಿಬಿಟ್ರೆ?"

ಮಂಚದಕ್ಕ ಹಗ್ಗ ಬಿಡಲಿಲ್ಲ. "ನಿನ್ನ ಮಾವನೂ ಹೀಗೇ ಹಗ್ಗ ಹಿಡ್ಕೊಂಡೇ ಹೇಳಿದ್ರು."

*

ಆಗ ಮಂಚದಕ್ಕ ಅವನ ಷೆಡ್ಡಿಗೆ ಮಂಚ ಹೆಣೆಯಲು ಕೂಲಿಗೆ ಬರುತ್ತಿದ್ದಳು. ಅವನು ಮದುವೆಯ ಮಾತೆತ್ತಿ, ಎತ್ತಿದಲ್ಲಿಗೇ ಬಿಟ್ಟು ಬಹಳ ದಿನವಾಗಿತ್ತು. ಒಂದು ಮಧ್ಯಾಹ್ನ ತಲೆ ಎತ್ತದೆ, ತನಗೆ ಹರ್ಪಿಸ್ ಇದೆ ಎಂದು ಎಲ್ಲ ಹೇಳಿಬಿಟ್ಟ. ಅವಳ ಕೈ ಸಡಿಲಿ ಹೆಣಿಗೆಯಷ್ಟೂ ಜೋತುಬಿತ್ತು.

"ಇದರಿಂದ ಸಾಯ್ತಾರಾ?"

"ಇಲ್ಲ. ಆದ್ರೆ ಪೂರ್ತಿ ಬಿಟ್ಟು ಹೋಗೋದೂ ಇಲ್ಲ."

"ನಿಮ್ಮ ಮಧ್ಯಾಹ್ನದ ಗೊರಕೆ ಥರ," ಎಂದು ಅವಳು ಮತ್ತೆ ಹಗ್ಗ ಜಗ್ಗಿದಳು.

ಆಸ್ಪತ್ರೆಯ ನರ್ಸಮ್ಮ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದಳು. ಗುಳ್ಳೆ ಇದ್ದಾಗ, ಚುರುಚುರು ಅಂದಾಗ ಬೇರೆ ಮಲಗಿ. ಉಳಿದ ದಿನ ಕಾಂಡೋಮ್ ಇರಲಿ, ಗುಳ್ಳೆ ಇಲ್ಲದಾಗಲೂ ಅಂಟಬಹುದು. ಮಾತ್ರೆ ತಗೊಂಡರೆ ಅಪಾಯ ಇನ್ನೂ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನಲಾರೆ.

"ನಿಮ್ಮ ಋಣ ಹೇಗೆ ತೀರಿಸಲಿ ತಾಯಿ?" ಎಂದ ಅವನು.

"ನಿಮ್ಮ ಥರ ಹೆದರಿದವರು ಸಿಕ್ಕರೆ ಕೂರಿಸಿ ಹೇಳಿ, ತೀರಿತು."

ಅವನೋ ನಾಚಿಕೆಯ ಮುದ್ದೆ. 'ಇವತ್ತು ಬೇಡ' ಎಂದು ಹೆಂಡತಿಗೆ ಹೇಳಲೂ ಬಾಯಿ ಬಾರದೆ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿದವನು, ಇನ್ನೊಬ್ಬರಿಗೆ ಏನು ಹೇಳಿಯಾನು! ಆ ಋಣ ಹಾಗೇ ಉಳಿಯಿತು.

*

"ನಿಮಗೆ ಅಂಟಿತಾ ಅತ್ತೆ?"

"ಇಲ್ಲ ಕಣೆ. ಅಂಟಿದ್ರೆ ನಾನೂ ಷೆಡ್ಡಿಗೇ ಹೋಗಿ ಮಲಗ್ತಿದ್ದೆ."

ಹುಡುಗಿ ಕಣ್ಣೊರೆಸಿಕೊಂಡು ನಕ್ಕಳು. "ಹೇಳಿದ್ಮೇಲೆ ಬಿಟ್ಟು ಹೋದ್ರೆ?"

"ಹೋದ್ರೆ ಹೋಗ್ಲಿ, ಅದು ಅವನಿಷ್ಟ. ಅವನನ್ನ ಕೇಳದೆ ನೀನೇ ಕಳಿಸಿಬಿಟ್ರೆ ಹೇಗೆ?" ಮಂಚದಕ್ಕ ಬಾಗಿಲ ಕಡೆ ತಿರುಗಿದಳು. "ಏ ಕಂಬ, ಬಾರಪ್ಪ ಇಲ್ಲಿ! ನನ್ನ ಕೈ ಸೋತಿದೆ."

ಬಂದವನ ಕೈಗೆ ತನ್ನ ತುದಿ ಕೊಟ್ಟು ಅವಳು ಹೊಸ್ತಿಲಾಚೆ ಬಂದು ನಿಂತಳು.

"ಇನ್ನೂ ಆಗಲಿಲ್ವಾ ಅಕ್ಕ?" ಗಿರಣಿಯವನು ಎದ್ದ.

"ತಡಿಯಪ್ಪ. ನಿಮ್ಮಣ್ಣಂದು ಒಂದು ಬಾಕಿ ಇದೆ, ಮುಗೀಲಿ."

ಒಳಗೆ ಹುಡುಗಿಯ ತಲೆ ತಗ್ಗಿತ್ತು, ತುಟಿ ಅಲ್ಲಾಡುತ್ತಿತ್ತು. ಹುಡುಗನ ಕೈಯಲ್ಲಿ ಹಗ್ಗ ಸಡಿಲಿ ಹೆಣಿಗೆ ಜೋತುಬಿತ್ತು. ಅವನು ಏನೋ ಕೇಳಿದ, ಅವಳು ಉತ್ತರಿಸಿದಳು, ಅವನು ಮತ್ತೇನೋ ಕೇಳಿದ. ಆಮೇಲೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಚೌಕಟ್ಟಿಗೆ ಕಾಲು ಕೊಟ್ಟು ಜಗ್ಗಿದ.

ಹಗ್ಗ ಕಿರ್ರೆಂದಿತು.