ಮೂರನೇ ಪೀರಿಯಡ್ಡಿನ ಕೇಬಲ್

ಪ್ರೊಜೆಕ್ಟರಿನ ವೈರನ್ನು ಒಮ್ಮೆ ಕಿತ್ತು ಮತ್ತೆ ಚುಚ್ಚಿದ್ದೇ ಅವಳು ಮಾಡಿದ ತಪ್ಪು. ಅದೂ ಹೆಡ್‌ಮಾಸ್ಟರರ ಕಣ್ಣೆದುರಿಗೆ. ಗೋಡೆಯ ಮೇಲೆ ಚಿತ್ರ ಬಂತು, ಅವರ ಮುಖಕ್ಕೆ ಕಳೆ ಬಂತು, ಮರುವಾರವೇ ಶಾಲೆಯ ಕಂಪ್ಯೂಟರು, ಪ್ರೊಜೆಕ್ಟರು, ಪ್ರಿಂಟರು, ತಾನೇ ಬಾರಿಸಿಕೊಳ್ಳುವ ಗಂಟೆ ಎಲ್ಲವೂ ಅವಳ ತಲೆಗೆ ಬಂತು. ಹಾಳೂರಿಗೆ ಉಳಿದವನೇ ಗೌಡ. ಮಿಕ್ಕ ಮೇಷ್ಟ್ರುಗಳೆಲ್ಲ ರಿಮೋಟನ್ನು ಹಾವು ಹಿಡಿದಂತೆ ಹಿಡಿಯುವವರು.

ಹೊಸ ಕೆಲಸ ಅವಳಿಗೆ ಕಷ್ಟವಾಗಲಿಲ್ಲ. ಅದಕ್ಕಾಗಿ ಬಿಟ್ಟುಕೊಟ್ಟದ್ದು ಕಷ್ಟವಾಯಿತು. ಐದನೇ ತರಗತಿಯ ಭಾಷಾ ಪಾಠವನ್ನು ಅವಳಿಂದ ತೆಗೆದು, ಒಂದು ವರ್ಷದ ಮಟ್ಟಿಗೆ ಬಂದಿದ್ದ ಹೊಸ ಟೀಚರಿಗೆ ಕೊಟ್ಟರು. ಆ ತರಗತಿಗೆ ಅವಳು ‘ಕಥೆ ಮಿಸ್’. ಕೊನೆಯಲ್ಲಿ ಅವಳು ಕಟ್ಟಿ ಹೇಳುವ ಕಥೆಯ ಆಸೆಗೆ ಮಕ್ಕಳು ವ್ಯಾಕರಣವನ್ನೂ ಸಹಿಸಿಕೊಳ್ಳುತ್ತಿದ್ದರು. ಈಗ ಸ್ಟಾಫ್ ರೂಮಿನಲ್ಲಿ ಅವಳ ಹೆಸರು ‘ವೈರ್ ಮೇಡಂ’.

“ನನ್ನ ಕ್ಲಾಸು ವಾಪಸ್ ಕೊಡಿ ಸಾರ್,” ಎಂದು ಎರಡು ಸಲ ಕೇಳಿದಳು.

“ಬರೋ ವರ್ಷ ನೋಡೋಣ ಮೇಡಂ. ಪಾಠ ಯಾರಾದ್ರೂ ಮಾಡ್ತಾರೆ, ಇದನ್ನ ಯಾರು ಮಾಡ್ತಾರೆ ಹೇಳಿ?” ಎಂದರು ಹೆಡ್‌ಮಾಸ್ಟರು. ಅದು ಹೊಗಳಿಕೆ ಎಂದೇ ಅವರು ನಂಬಿದ್ದರು.

ಮನೆಯಲ್ಲಿ ಅತ್ತೆಯದು ಬೇರೆ ತಕರಾರು. “ಶಾಲೇಲಿರೋ ಮಿಷನ್ನೆಲ್ಲ ರಿಪೇರಿ ಮಾಡ್ತೀಯಂತೆ, ನನ್ನ ರೇಡಿಯೋ ಮಾತ್ರ ಗೊರಗೊರ ಅಂತಾನೇ ಇದೆಯಲ್ಲೇ.” ಅವಳು ಊಟದ ಮೇಜಿನ ಮೇಲೆ ರೇಡಿಯೋ ಬಿಚ್ಚಿಕೊಂಡು ಕೂರುತ್ತಿದ್ದಳು. ಕೈ ಸ್ಕ್ರೂ ತಿರುಗಿಸುತ್ತಿದ್ದರೂ ಮನಸ್ಸೆಲ್ಲ ಆ ತರಗತಿಯಲ್ಲೇ. ಮಕ್ಕಳು ಒಟ್ಟಿಗೆ “ಆಮೇಲೆ, ಮಿಸ್?” ಎಂದು ಕೂಗುವುದನ್ನು ಕೇಳಬೇಕೆಂದು ಅವಳ ಜೀವ ಹಾತೊರೆಯುತ್ತಿತ್ತು.

ಸಂಜೆ ಕೋಣೆಗಳಿಗೆ ಬೀಗ ಹಾಕುವ ಮುಂಚೆ ಯಂತ್ರಗಳನ್ನೆಲ್ಲ ನೋಡಿ ಬರುವುದು ಅವಳದೇ ಕೆಲಸ. ಒಂದು ಸಂಜೆ ಐದನೇ ತರಗತಿಯ ಪ್ರೊಜೆಕ್ಟರಿನ ಕೇಬಲ್ಲನ್ನು ಕೂದಲೆಳೆಯಷ್ಟು ಸಡಿಲ ಮಾಡಿ ಬಂದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಮಾರನೆಯ ದಿನ ಮೂರನೇ ಪೀರಿಯಡ್ಡಿನಲ್ಲಿ, ಭಾಷಾ ಪಾಠದ ಹೊತ್ತಿಗೆ, ಅವಳು ಕೂರುತ್ತಿದ್ದ ಕಂಪ್ಯೂಟರ್ ಲ್ಯಾಬಿಗೆ ಆ ತರಗತಿಯಿಂದ ಕರೆ ಬಂತು. ಅವಳು ಸ್ಕ್ರೂಡ್ರೈವರ್ ಹಿಡಿದು, ಓಡಬಾರದೆಂದು ತನಗೆ ತಾನೇ ಹೇಳಿಕೊಳ್ಳುತ್ತಾ ಹೋದಳು.

ಯಂತ್ರ ಬಿಸಿಯಾಗಿ ಚಿತ್ರ ಬರಲು ಒಂದಿಷ್ಟು ಹೊತ್ತು ಬೇಕಲ್ಲ, ಆ ಹೊತ್ತಿಗೆ ಅಜ್ಜಿಯ ಕಥೆ ಶುರುವಾಯಿತು. ಒಬ್ಬ ಅಜ್ಜಿ ಹೊಳೆ ದಾಟಬೇಕು, ದೋಣಿಯವನು ಇಲ್ಲ. ಮರುದಿನವೂ ಕೇಬಲ್ ಸಡಿಲ, ಮರುದಿನವೂ ಅಜ್ಜಿ ದಡದಲ್ಲೇ. ದಾಟಿಸಿಬಿಟ್ಟರೆ ಕಥೆ ಮುಗಿಯುತ್ತದೆಂದು ಅವಳು ಅಜ್ಜಿಯ ಚೀಲದಿಂದ ಒಂದೊಂದೇ ಸಾಮಾನು ತೆಗೆಸಿದಳು, ಆಮೆಯ ಜೊತೆ ಜಗಳ ಆಡಿಸಿದಳು, ಮೀನುಗಳಿಗೆ ಬುದ್ಧಿ ಹೇಳಿಸಿದಳು.

“ಮಿಸ್, ಅಜ್ಜಿ ಈಜೋದು ಕಲಿತಿದ್ರೂ ಇಷ್ಟೊತ್ತಿಗೆ ದಾಟ್ತಿದ್ಲು,” ಎಂದ ಒಬ್ಬ.

ಹೀಗೇ ವಾರಗಳು ಕಳೆದವು. ಒಂದು ದಿನ ಹೆಡ್‌ಮಾಸ್ಟರು ಅವಳನ್ನು ಕರೆಸಿದರು. “ಬೇರೆ ಯಾವ ಕ್ಲಾಸಲ್ಲೂ ಇಲ್ಲದ ತೊಂದರೆ ಐದನೇ ಕ್ಲಾಸಲ್ಲಿ ಮಾತ್ರ ಯಾಕೆ? ಆ ಹೊಸ ಟೀಚರ್ ಹುಡುಗಿ ಕೈಗುಣಾನೇ ಸರಿಯಿಲ್ಲ. ಎರಡು ಸಲ ಬೈದೂ ಆಯ್ತು. ಬರೋ ವರ್ಷ ಬೇರೆಯವರನ್ನ ನೋಡೋಣ ಅಂತಿದೀನಿ. ನೀವೇನಂತೀರಿ?”

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರೆ. ಅವಳಿಗೆ ಕೂತ ಕುರ್ಚಿಯೇ ಚುಚ್ಚಿತು. ಆ ಹುಡುಗಿ ಬೈಸಿಕೊಂಡದ್ದು ಅವಳಿಗೆ ಗೊತ್ತೇ ಇರಲಿಲ್ಲ. ಹೂಂ ಅಂದುಬಿಟ್ಟರೆ ಬರೋ ವರ್ಷ ತನ್ನ ತರಗತಿ ತನಗೇ ಬಂದರೂ ಬರಬಹುದು ಎಂಬ ಆಸೆಯೂ ಒಂದು ಗಳಿಗೆ ಇಣುಕಿತು. ಅದನ್ನು ನುಂಗಿಕೊಂಡಳು.

“ಅವರ ತಪ್ಪಲ್ಲ ಸಾರ್, ನಂದು. ಕೇಬಲ್ ಸಡಿಲ ಬಿಟ್ಟಿದ್ದು ನಾನು. ಇವತ್ತೇ ಬಿಗಿದುಬಿಡ್ತೀನಿ, ಇನ್ನು ಕೆಡಲ್ಲ.”

“ನಿಮ್ಮದು ದೊಡ್ಡ ಮನಸ್ಸು ಮೇಡಂ,” ಎಂದರು ಹೆಡ್‌ಮಾಸ್ಟರು. ಸತ್ಯ ಹೇಳಿದರೂ ನಂಬದವರಿಗೆ ಇನ್ನೇನು ಹೇಳುವುದು? ಆದರೂ ಹುಡುಗಿಯ ಮಾತು ಅಲ್ಲಿಗೆ ಬಿಟ್ಟರು.

ಮೂರನೇ ಪೀರಿಯಡ್ಡಿಗೆ ಅವಳು ಯಾರೂ ಕರೆಯದೆಯೇ ಹೋದಳು. ಕೇಬಲ್ಲಿನ ಎರಡೂ ಬದಿಯ ಸ್ಕ್ರೂಗಳನ್ನು ಕೈ ನೋಯುವಷ್ಟು ಬಿಗಿದಳು. ಆಮೇಲೆ ಮಕ್ಕಳ ಕಡೆ ತಿರುಗಿ, ದೋಣಿ ತರಿಸಿ, ಅಜ್ಜಿಯನ್ನು ಕೂರಿಸಿ, ಆಚೆ ದಡ ಮುಟ್ಟಿಸಿದಳು.

“ಆಮೇಲೆ, ಮಿಸ್?”

“ಆಮೇಲೆ ಏನೂ ಇಲ್ಲ. ದಾಟಿದಳು, ಅಷ್ಟೇ.”

ಮಕ್ಕಳು ಚಪ್ಪಾಳೆ ತಟ್ಟಲಿಲ್ಲ. ಅವಳು ಹೊರಗೆ ಬಂದಾಗ ಹೊಸ ಟೀಚರ್ ಹಿಂದೆಯೇ ಬಂದಳು.

“ಬಿಗಿದುಬಿಟ್ರಾ ಮೇಡಂ?”

“ಬಿಗಿದೆ. ನನ್ನಿಂದ ನೀವು ಬೈಸಿಕೊಂಡ್ರಿ. ಬೇಜಾರು ಮಾಡ್ಕೋಬೇಡಿ, ಕೇಬಲ್ಲು...”

“ಗೊತ್ತಿತ್ತು ಮೇಡಂ. ಮೊದಲನೇ ವಾರಾನೇ ನೋಡಿದ್ದೆ. ನಾನೇ ಬಿಗಿ ಮಾಡೋಕೆ ಹೋದ್ರೆ ಮಕ್ಕಳು ಕೈ ಹಿಡ್ಕೊಂಡ್ರು. ‘ಬೇಡ ಮಿಸ್, ಬಿಗಿ ಮಾಡಿದ್ರೆ ಕಥೆ ಮಿಸ್ ಬರಲ್ಲ’ ಅಂದ್ರು.” ಹುಡುಗಿ ನೆಲ ನೋಡಿದಳು. “ಎರಡು ಮಾತು ಬೈಸಿಕೊಂಡ್ರೆ ಏನಾಯ್ತು, ನಾನೂ ಕಥೆ ಕೇಳ್ತಿದ್ದೆ.”

ಅವಳು ಆ ಹುಡುಗಿಯ ಭುಜ ಒಮ್ಮೆ ಒತ್ತಿ, ಸರಸರನೆ ಲ್ಯಾಬಿಗೆ ನಡೆದಳು.

ಮರುದಿನ ಮೂರನೇ ಪೀರಿಯಡ್ಡಿನ ಗಂಟೆ ಸರಿಯಾದ ಹೊತ್ತಿಗೆ ಹೊಡೆಯಿತು. ಅದನ್ನು ಸರಿ ಮಾಡಿದ್ದೂ ಅವಳೇ. ಅವಳು ಸ್ಕ್ರೂಡ್ರೈವರನ್ನು ಮಡಿಲಲ್ಲಿಟ್ಟುಕೊಂಡು ಲ್ಯಾಬಿನ ಬಾಗಿಲನ್ನೇ ನೋಡುತ್ತಾ ಕೂತಳು. ಯಾರೂ ಕರೆಯಲಿಲ್ಲ. ಅಂದು ಇಡೀ ಶಾಲೆಯಲ್ಲಿ ಒಂದು ಯಂತ್ರವೂ ಕೆಡಲಿಲ್ಲ.

ಅಜ್ಜಿಗೆ ಆಮೇಲೆ ಏನಾಯಿತೆಂದು ಅವಳಿಗೆ ಆಗ ಹೊಳೆಯಿತು. ಆಚೆ ದಡದಲ್ಲಿ ಇಳಿದ ಅಜ್ಜಿ ತಿರುಗಿ ನೋಡಿದಳು. ಈಚೆ ದಡದ ಬಳಿ ಆಮೆ, ಮೀನುಗಳೆಲ್ಲ ಇನ್ನೂ ಅವಳನ್ನೇ ಕಾಯುತ್ತಿದ್ದವು. ಎಂಥ ಒಳ್ಳೆಯ ಕಥೆ! ಹೇಳೋಣವೆಂದರೆ ಎದುರಿಗೆ ಕಂಪ್ಯೂಟರುಗಳು ಮಾತ್ರ ಇದ್ದವು.