ಎಲ್ಲರಿಗೂ ಒಬ್ಬಳು

“ಮತ್ತೆ ಅದೇ!” ಕ್ಪೋಡೊ ಮೇಷ್ಟ್ರು ಸೀಮೆಸುಣ್ಣವನ್ನು ಮೇಜಿಗೆ ಕುಕ್ಕಿದರು. “∃ ಅಂದ್ರೆ ಏನು, ಹೇಳು ಮಾರಾಯ್ತಿ.”

“ಒಬ್ಬರಿದ್ದಾರೆ ಅಂತ, ಸರ್.”

“∀ ಅಂದ್ರೆ?”

“ಪ್ರತಿಯೊಬ್ಬರಿಗೂ.”

“ಗೊತ್ತಿದ್ದೂ ಹಿಂದುಮುಂದು ಮಾಡ್ತೀಯಲ್ಲ! ನಿಮ್ಮ ಮನೆ ಮಕ್ಕಳನ್ನೇ ತಗೋ, ಪ್ರತಿ ಮಗುವಿಗೂ ಒಬ್ಬ ಅಮ್ಮ ಇದ್ದಾಳೆ ಅಂತ ಬರಿ ಅಂದೆ. ನೀನು ∃ ಮೊದಲು ಹಾಕಿ, ಒಬ್ಬಳಿದ್ದಾಳೆ, ಅವಳೇ ಎಲ್ಲಾ ಮಕ್ಕಳಿಗೂ ಅಮ್ಮ ಅಂತ ಬರೆದಿದ್ದೀಯ.”

“ಹೌದು ಸರ್, ಅವಳೇ ನಮ್ಮ ಎನೊ.”

ಕುಮಾಸಿ ನಗರದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಶನಿವಾರ ಮಧ್ಯಾಹ್ನ ಅವರಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಮೇಷ್ಟ್ರು ಊಟಕ್ಕೆ ತಂದಿದ್ದ ಮೆಕ್ಕೆಜೋಳದ ಕಡುಬು, ಕೆಂಕೆ, ಸುತ್ತಿದ ಎಲೆಯೊಳಗೇ ತಣ್ಣಗಾಗಿತ್ತು. ಸೋಮವಾರ ಮರುಪರೀಕ್ಷೆ. ಅದರಲ್ಲೂ ಫೇಲಾದರೆ ವಿದ್ಯಾರ್ಥಿನಿ ಕೊನಾಡು ಕಾಲೇಜನ್ನೇ ಬಿಡಬೇಕು. ಹುಡುಗಿ ದಡ್ಡಿಯಲ್ಲ, ಅದೇ ಮೇಷ್ಟ್ರ ಸಂಕಟ.

“ಅವಳು ಎಷ್ಟು ಜನರನ್ನ ಹೆತ್ತಳು?”

“ಒಬ್ಬರನ್ನೂ ಇಲ್ಲ. ನನ್ನ ಹೆತ್ತವಳ ಅಕ್ಕ. ಆದ್ರೆ ನಾವೆಲ್ಲ ಅಮ್ಮ ಅನ್ನೋದು ಅವಳನ್ನೇ.”

“ಅಯ್ಯೋ, ನನ್ನ ತಲೆ ತಿನ್ನಬೇಡ! ಅಮ್ಮ ಬೇಡ. ಹೆತ್ತವಳು ಅಂತ ಬರಿ.”

ಕೊನಾಡು ಬೋರ್ಡಿನಲ್ಲಿ ಆ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆದಳು. ಮೊದಲು ∀, ಆಮೇಲೆ ∃. ಒಂದು ಗೆರೆಯೂ ತಪ್ಪಿರಲಿಲ್ಲ.

“ನೋಡಿದೆಯಾ! ಇಷ್ಟಕ್ಕೆ ಬೆಳಗಿನಿಂದ ನನ್ನ ಪ್ರಾಣ ಹಿಂಡಿದೆ!”

ಅವಳು ಬೋರ್ಡನ್ನೇ ನೋಡುತ್ತಿದ್ದಳು. “ಇದ್ರಲ್ಲಿ ಎನೊ ಎಲ್ಲಿದ್ದಾಳೆ ಸರ್?”

“ಎಲ್ಲೂ ಇಲ್ಲ.”

“ಹಾಗಾದ್ರೆ ಪರೀಕ್ಷೆ ಬಿಟ್ಟು ನಾನು ಮಣ್ಣು ಮಾಡೋಕೆ ಹೋಗಿದ್ದು ಯಾರನ್ನ?”

ಮೇಷ್ಟ್ರು ಕನ್ನಡಕ ತೆಗೆದರು. ಮೊದಲ ಪರೀಕ್ಷೆಯ ಶನಿವಾರವೇ ಎನೊಳ ಶವಸಂಸ್ಕಾರವೂ ಬಿದ್ದಿತ್ತು. ತಾಯಿ ತೀರಿಕೊಂಡರೆ ಮಾತ್ರ ರಜೆ ಎಂಬುದು ಕಾಲೇಜಿನ ನಿಯಮ. ‘ಹೆತ್ತವಳು ಬದುಕಿದ್ದಾಳಲ್ಲ’ ಎಂದು ರಜೆ ನಿರಾಕರಿಸಿದವರು ಅವರೇ. ಅವಳು ಕರಿಬಟ್ಟೆ ಉಟ್ಟು ಹೋಗಿಯೇ ಬಿಟ್ಟಿದ್ದಳು, ಅವರು ಸೊನ್ನೆ ಹಾಕಿದ್ದರು. ತಪ್ಪು ತಮ್ಮದೆಂದು ಅವರಿಗೆ ಈಗ ಅನ್ನಿಸಿತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

“ಮೇಲಿನ ಸಾಲೂ ನಿಜವೇ,” ಎಂದರು ಗಡುಸಾಗಿ. “ಕೆಳಗಿನದೂ ನಿಜ. ಎರಡೂ ಬೇರೆ ಬೇರೆ ಮಾತು. ಒಂದರ ಜಾಗದಲ್ಲಿ ಇನ್ನೊಂದನ್ನ ಬರೀಬಾರದು, ಅಷ್ಟೇ.”

“ಅಷ್ಟೇನಾ? ಇದನ್ನ ಮೊದಲೇ ಹೇಳೋಕೇನಾಗಿತ್ತು ಸರ್?” ಈಗ ರೇಗಿದ್ದು ಅವಳು.

“ಬಾಯಿ ಮುಚ್ಚು. ಪ್ರತಿ ಸಂಖ್ಯೆಗೂ ಅದಕ್ಕಿಂತ ದೊಡ್ಡದೊಂದು ಇದೆ. ಬರಿ.”

ಅವಳು ನಿಲ್ಲದೆ ಬರೆದಳು. ∀ ಮೊದಲಿತ್ತು. ಮೇಷ್ಟ್ರು ಅದರ ಪಕ್ಕ ಸರಿ ಗುರುತು ಹಾಕಿದರು.

ಹೊರಡುವ ಮುನ್ನ ಕೊನಾಡು ಡಸ್ಟರ್ ತೆಗೆದುಕೊಂಡು ಕೆಳಗಿನಿಂದ ಒರೆಸುತ್ತ ಬಂದಳು. ಎನೊ ಇದ್ದ ಮೊದಲ ಸಾಲಿನ ಹತ್ತಿರ ಅವಳ ಕೈ ನಿಂತಿತು.

“ಅದು ಇರಲಿ,” ಎಂದು ಮೇಷ್ಟ್ರು ಅವಳ ಕೈಯಿಂದ ಡಸ್ಟರ್ ತೆಗೆದುಕೊಂಡು ಮೇಜಿನ ಖಾನೆಯೊಳಗಿಟ್ಟರು.